ಹೆಸರು ಹೊಡೆದುಹಾಕಲು ಇಬ್ಬರು ಬೇಕು

ಮೈಸೂರಿನ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಬೋಧಿಸಿದವರ ಸಾಲಿನಲ್ಲಿ ಶ್ರೀಮತಿ ಯಶೋಧಾ ಅವರದು ಗೌರವದಿಂದ ನೆನೆಯಬೇಕಾದ ಹೆಸರು. ಪೌರನೀತಿಯೆಂದರೆ ಪರೀಕ್ಷೆಯಲ್ಲಿ ನಾಲ್ಕು ಅಂಕ ತಂದುಕೊಡುವ ಒಣ ಅಧ್ಯಾಯವೆಂದು ನಾವೆಲ್ಲ ಸರಸರನೆ ಮುಗಿಸಿಬಿಡುತ್ತಿದ್ದಾಗ, ಹಕ್ಕು, ಪೌರತ್ವ, ರಾಷ್ಟ್ರ ಎಂಬ ದೊಡ್ಡ ಮಾತುಗಳನ್ನು ಮಕ್ಕಳ ಮನೆಬಾಗಿಲವರೆಗೂ ನಡೆಸಿಕೊಂಡು ಹೋದವರು ಅವರು. ಮೂವತ್ತಾರು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗಿರುವ ಅವರನ್ನು ಕುರಿತು ಬರೆಯುವ ಭಾಗ್ಯ, ಹದಿನಾಲ್ಕು ವರ್ಷ ಅವರ ಸಹೋದ್ಯೋಗಿಯಾಗಿದ್ದ ನನಗೆ ಒದಗಿದೆ. ಈ ಅಭಿನಂದನ ಗ್ರಂಥದ ಸಂಪಾದಕರು "ಒಳ್ಳೆಯ ಪ್ರಸಂಗಗಳನ್ನೇ ಆರಿಸಿಕೊಳ್ಳಿ" ಎಂದಿದ್ದಾರೆ. ಮೇಡಂ ಅವರೋ ಫೋನ್ ಮಾಡಿ, "ಖಮರುನ್ನಿಸಾ ಅವರ ವಿಷಯ ಬಿಟ್ಬುಟ್ಟು ಬರೆದ್ರೆ ಆ ಪುಸ್ತಕ ನನಗೆ ಬೇಡ ಕಣಮ್ಮ" ಎಂದರು. ನಾನು ಮೇಡಂ ಮಾತನ್ನೇ ಕೇಳುತ್ತೇನೆ.

ಕಡಕೊಳದ ರೈತರಾದ ಸಣ್ಣಯ್ಯನವರ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲಿಗರು ಯಶೋಧಾ ಅವರು. ಕೆಲವು ವರ್ಷ ಹಳ್ಳಿಯ ಶಾಲೆಗಳಲ್ಲಿ ದುಡಿದು, ಬಳಿಕ ಲಷ್ಕರ್ ಮೊಹಲ್ಲಾದ ನಮ್ಮ ಶಾಲೆಗೆ ಬಂದರು. ಇಲ್ಲಿನ ಒಂದು ತರಗತಿಯಲ್ಲಿ ಮಕ್ಕಳ ಮನೆಮಾತು ಐದಾರಾದರೂ ಇರುತ್ತದೆ. ಕನ್ನಡ, ಉರ್ದು, ತಮಿಳು, ತೆಲುಗು, ಮರಾಠಿ, ಒಮ್ಮೊಮ್ಮೆ ಮಾರ್ವಾಡಿ. ಭಾರತೀಯರೆಂದರೆ ಯಾರು ಎಂಬ ಪಾಠ ಬಂದಾಗ ಅವರು ಪುಸ್ತಕ ಮುಚ್ಚಿಟ್ಟು ಹಾಜರಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಆಮೇಲೆ, "ಇದ್ರಲ್ಲಿ ಯಾರ ಹೆಸರು ತೆಗೆದ್ರೆ ನಡೀತದೆ, ಹೇಳಿ ನೋಡಣ" ಎಂದು ಕೇಳುತ್ತಿದ್ದರು. ನಾನು ಪಕ್ಕದ ಕೊಠಡಿಯಲ್ಲಿದ್ದವಳು, ಆ ಪ್ರಶ್ನೆಯನ್ನು ಹಲವು ವರ್ಷ ಕೇಳಿದ್ದೇನೆ.

ಹಾಜರಿ ಪುಸ್ತಕದ ವಿಷಯದಲ್ಲಿ ಅವರದೊಂದು ಕಟ್ಟುನಿಟ್ಟಿತ್ತು. ಮಗುವೊಂದು ಎಷ್ಟೇ ದಿನ ಬಾರದಿರಲಿ, ಮನೆಗೆ ಹೋಗಿ ನೋಡದೆ ಅದರ ಹೆಸರಿನ ಮೇಲೆ ಗೆರೆ ಎಳೆಯುವಂತಿಲ್ಲ. ಅದೂ ಒಬ್ಬರೇ ಹೋದರೆ ಸಾಲದು. "ಹೆಸರು ಬರೆಯಕ್ಕೆ ಒಬ್ರು ಸಾಕು ಕಣಮ್ಮ, ಹೊಡೆದಾಕಕ್ಕೆ ಇಬ್ರು ಬೇಕು" ಎನ್ನುತ್ತಿದ್ದರು. ಸೋಮಮ್ಮ ಎಂಬ ಒಂಬತ್ತನೆಯ ತರಗತಿಯ ಹುಡುಗಿ ಎರಡು ತಿಂಗಳು ಬಾರದೆ ಹೋದಾಗ, ನನ್ನನ್ನೂ ಎಳೆದುಕೊಂಡು ಚಾಮುಂಡಿ ಬೆಟ್ಟ ಹತ್ತಿದರು. ಹಣ್ಣುಕಾಯಿ ಅಂಗಡಿಯಲ್ಲಿ ಕೂತಿದ್ದ ಹುಡುಗಿಯ ತಾಯಿಯೊಡನೆ ಒಂದು ಗಂಟೆ ಜಗಳವಾಡಿದರು. ಸೋಮಮ್ಮ ಈಗ ವಕೀಲೆ. ಮೊಣಕಾಲು ನೋಯಿಸಿಕೊಂಡವಳು ನಾನು, ಹೆಸರು ಬಂದದ್ದು ಮೇಡಂ ಅವರಿಗೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಮ್ಮದು ತಲೆಮಾರುಗಳಿಂದ ಅರಮನೆಯ ಊಳಿಗದಲ್ಲಿದ್ದ ಮನೆತನ. ನೀನು ಯಾವ ಊರಿನವಳು, ಕಾಗದ ತೋರಿಸು ಎಂದು ನನ್ನನ್ನು ಯಾರೂ ಕೇಳಿದವರಲ್ಲ. ಬಹುಶಃ ಅದಕ್ಕೇ, ಮತದಾರರ ಪಟ್ಟಿಯ ಪರಿಷ್ಕರಣೆಗೆ ನನ್ನನ್ನು ನಿಯೋಜಿಸಿದಾಗ ಅದೊಂದು ಕಾಟವೆಂದೇ ನಾನು ಭಾವಿಸಿದೆ. ಮೇಡಂ ನಮ್ಮ ಭಾಗದ ಮೇಲ್ವಿಚಾರಕಿಯಾಗಿದ್ದರು. ಖಮರುನ್ನಿಸಾ ಎಂಬುವರ ಮನೆಗೆ ನಾನು ಮೂರು ಸಲ ಹೋದೆ, ಮೂರು ಸಲವೂ ಬೀಗ. ಮೂರು ಸಲವೂ ನಾನು ಹೋದದ್ದು ಬೆಳಿಗ್ಗೆ ಹನ್ನೊಂದಕ್ಕೆ, ನನ್ನ ಎರಡನೆಯ ಪೀರಿಯಡ್ ಮುಗಿದ ಮೇಲೆ. ಆ ಹೊತ್ತಿಗೆ ಆಕೆ ಕಡಕೊಳದ ಕಾರ್ಖಾನೆಯೊಂದರಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿರುತ್ತಾರೆ ಎಂಬುದನ್ನು ಪಕ್ಕದ ಮನೆಯಲ್ಲಿ ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ, ನನಗೆ ನಾಲ್ಕನೆಯ ಪೀರಿಯಡ್ ಇತ್ತು. ಬಾಗಿಲಿಗೆ ನೋಟಿಸು ಅಂಟಿಸಿದೆ. ಅದನ್ನು ಬೀದಿಯ ಮೇಕೆ ತಿಂದಿತೆಂದು ಆಮೇಲೆ ಗೊತ್ತಾಯಿತು. "ವಾಸವಿಲ್ಲ" ಎಂದು ಬರೆದು ಕೊಟ್ಟೆ. ಅಂದು ನೂರಾರು ಹಾಳೆಗಳಿದ್ದವು. ಮೇಡಂ ನನ್ನ ಮೇಲಿನ ನಂಬಿಕೆಯಿಂದ, ತಾವು ಹೋಗಿ ನೋಡದೆ ಸಹಿ ಹಾಕಿದರು.

ಮೇ ತಿಂಗಳ ಮತದಾನದ ದಿನ ನಮ್ಮ ಶಾಲೆಯೇ ಮತಗಟ್ಟೆ. ಗೇಟಿನ ಬಳಿ ಪಟ್ಟಿ ಹಿಡಿದು ಕೂತಿದ್ದ ನನ್ನ ಮುಂದೆ, ಹಬ್ಬಕ್ಕೆ ಉಡುವ ಸೀರೆಯುಟ್ಟ ಒಬ್ಬ ಹೆಂಗಸು ಗುರುತಿನ ಚೀಟಿ ಚಾಚಿದರು. ಹೆಸರು ಇರಲಿಲ್ಲ. ಇನ್ನೊಮ್ಮೆ ಹುಡುಕಿದೆ. ಆಗ ನನಗೆ ಆ ಬೀಗ ನೆನಪಾಯಿತು.

"ಮೂವತ್ತು ವರ್ಷ್ದಿಂದ ಇದೇ ಬಾಗ್ಲಲ್ಲಿ ಓಟ್ ಹಾಕಿದೀನಿ ಮೇಡಂ" ಎಂದರು ಅವರು. "ಇವತ್ತು ನಾನು ಇಲ್ಲಿಯೋಳಲ್ಲ ಅಂದ್ರೆ ಎಲ್ಲಿಯೋಳು? ಅದನ್ನೂ ನೀವೇ ಹೇಳ್ಬುಡಿ."

ಅವರು ಸರದಿಯಲ್ಲಿ ನಿಂತವರ ಎದುರಿನಲ್ಲೇ ಹಿಂದಿರುಗಿ ಹೋದರು.

ಸಂಜೆ ಮೇಡಂಗೆ ಎಲ್ಲವನ್ನೂ ಒಪ್ಪಿಸಿದೆ. ಬೈಯಲಿಲ್ಲ. ಹಾಳೆಯ ಕೆಳಗಿದ್ದ ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಭಾನುವಾರ ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ಆ ಮನೆಯ ಮುಂದಿದ್ದೆವು. ಹೊಸದಾಗಿ ಹೆಸರು ಸೇರಿಸುವ ಅರ್ಜಿಯನ್ನು ನಾನು ತುಂಬಿಸಿಯೇ ಒಯ್ದಿದ್ದೆ. ಮೇಡಂ, "ಅರ್ಜಿ ಆಮೇಲೆ. ಮೊದ್ಲು ತಪ್ಪು ಯಾರದು ಅಂತ ಅವರಿಗೆ ಹೇಳು" ಎಂದರು. ಹೇಳಿದೆ. ಖಮರುನ್ನಿಸಾ ಅವರು ಟೀ ಕೊಟ್ಟರು, ಸಹಿ ಮಾತ್ರ ಕೊಡಲಿಲ್ಲ.

"ಹೊಸದಾಗಿ ಸೇರ್ಸಿ ಅಂತ ನಾನ್ಯಾಕೆ ಕೇಳ್ಕೋಬೇಕು? ನಾನೇನ್ ಹೊಸಬಳಾ? ತೆಗೆದೋರು ನೀವು, ತಪ್ಪಾಯ್ತು ಅಂತ ನೀವು ಬರ್ಕೊಡಿ."

ಅವರ ಮಾತಿನಲ್ಲಿ ಎದುರಾಡುವಂಥದ್ದೇನೂ ಇರಲಿಲ್ಲ. ಆದರೆ ಕಚೇರಿಯಲ್ಲಿ ಹೊಸ ಅರ್ಜಿಯಲ್ಲದೆ ಬೇರೆ ದಾರಿಯೇ ಇಲ್ಲವೆಂದರು. ಮೇಡಂ ನಾಲ್ಕು ಸಲ ಅಲ್ಲಿಗೆ ಅಲೆದರು. ಕೊನೆಗೆ ಅರ್ಜಿಯ ಜೊತೆಗೆ ಒಂದು ಹೇಳಿಕೆ ಲಗತ್ತಿಸುವುದೆಂದಾಯಿತು: ಈ ಮತದಾರರು ಎಲ್ಲಿಗೂ ಹೋಗಿರಲಿಲ್ಲ, ನಮ್ಮ ತಪ್ಪಿನಿಂದ ಇವರ ಹೆಸರು ಹೋಯಿತು. "ಬರೆದುಕೊಟ್ಟರೆ ನಿಮ್ಮ ಸೇವಾ ಪುಸ್ತಕಕ್ಕೆ ಏರುತ್ತದೆ, ಯೋಚಿಸಿ" ಎಂದು ಗುಮಾಸ್ತರು ಎಚ್ಚರಿಸಿದರು. ನಾನು ಯೋಚಿಸಿದೆ, ಸುಳ್ಳೇಕೆ ಹೇಳಲಿ. ಮೇಡಂ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಮೊದಲು ತಾವೇ ಸಹಿ ಹಾಕಿದರು. ಆಮೇಲೆ ನಾನು ಹಾಕಿದೆ. ಆ ಹೇಳಿಕೆಯನ್ನು ಎರಡು ಸಲ ಓದಿಸಿ ಕೇಳಿದ ಮೇಲೆ ಖಮರುನ್ನಿಸಾ ಅವರು ಅರ್ಜಿಗೆ ಸಹಿ ಮಾಡಿದರು.

ಇಬ್ಬರಿಗೂ ಎಚ್ಚರಿಕೆಯ ಪತ್ರ ಬಂತು. ನಿವೃತ್ತಿಯ ಹೊಸ್ತಿಲಲ್ಲಿ ಮನವಿ ಮಾಡಿಕೊಂಡರೆ ಅದನ್ನು ತೆಗೆಸಬಹುದೆಂದು ಹಿತೈಷಿಗಳು ಸೂಚಿಸಿದರು. ಮೇಡಂ ಒಪ್ಪಲಿಲ್ಲ. "ಅವರ ಒಂದು ಓಟು ವಾಪಸ್ ಬರ್ತದಾ? ಇದೂ ಇರ್ಲಿ ಬುಡಿ" ಎಂದರು. ಮೂವತ್ತಾರು ವರ್ಷಗಳ ಸೇವಾ ಪುಸ್ತಕದಲ್ಲಿ ಅದೊಂದೇ ಕಪ್ಪು ಚುಕ್ಕೆ. ಅವರಿಗೆ ಬಂದ ಪ್ರಶಸ್ತಿಗಳಿಗಿಂತ ನನಗೆ ಅದೇ ಹೆಚ್ಚು.

ಮರುವರ್ಷದ ಮತದಾನದ ದಿನ ಖಮರುನ್ನಿಸಾ ಅವರು ಅದೇ ಸೀರೆಯುಟ್ಟು ಬಂದರು. ಹೊರಬಂದು ಶಾಯಿ ಹಚ್ಚಿದ ಬೆರಳನ್ನು ಮೇಡಂಗೆ ತೋರಿಸಿ, ಮನೆಯ ಕಡೆ ನಡೆದರು. ಕ್ಷಮಿಸಿದರೋ ಇಲ್ಲವೋ ಇಂದಿಗೂ ನನಗೆ ತಿಳಿಯದು. ಅದನ್ನು ಕೇಳುವ ಹಕ್ಕೂ ನಮಗಿಲ್ಲ.

ಈ ವರ್ಷ ಪಟ್ಟಿಯ ಕೆಲಸ ಮತ್ತೆ ನನ್ನ ಪಾಲಿಗೆ ಬಂದಿದೆ. ಈ ಸಲ ನಾನೇ ಕೇಳಿ ಪಡೆದೆ. ಮೊದಲ ಭಾನುವಾರ ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆದರೆ, ಯಾವ ಆದೇಶವೂ ಇಲ್ಲದ, ಪಿಂಚಣಿದಾರರಾದ ಮೇಡಂ ಚಪ್ಪಲಿ ಬಿಡದೆ ನಿಂತಿದ್ದರು. "ನಡಿಯಮ್ಮ, ಇಬ್ರು ಬೇಕಲ್ಲ" ಎಂದರು.

ಅವರಿಗೆ ದೀರ್ಘಾಯುಷ್ಯ ಕೋರುವುದು ಈ ಲೇಖನದ ಕೊನೆಯ ಕರ್ತವ್ಯ. ಅವರು ನೆಲೆಸಿರುವ ಶ್ರೀರಾಮಪುರದ ಮತದಾರರ ಪಟ್ಟಿಯಲ್ಲಿ ಯಶೋಧಾ, ತಂದೆ ಸಣ್ಣಯ್ಯ ಎಂಬ ಹೆಸರು ಇನ್ನೂ ನಲವತ್ತು ವರ್ಷ ಇರಲಿ. ಪ್ರತಿ ಪರಿಷ್ಕರಣೆಯಲ್ಲೂ ನಾನು ಹೋಗಿ ಆ ಬಾಗಿಲು ತಟ್ಟುತ್ತೇನೆ. ಬೀಗ ಹಾಕಿದ್ದರೆ ಪಕ್ಕದ ಮನೆಯಲ್ಲಿ ಕೇಳುತ್ತೇನೆ.

ಮಾಲವಿಕಾ
ಸಹಶಿಕ್ಷಕಿ, ಮೈಸೂರು