ನಾ ಖಾಲಿ ಬಿಟ್ಟ ಹೆಸರು

ಪಾಸಾತ್ರಿ! ನನ್ನ ಮೊಮ್ಮಗಳು ಮಾಡಿದ ದುರಸ್ತಿಯನ್ನ ದೂರದ ದೇಶದಾವ್ರು ಒಪ್ಪಿಕೊಂಡಾರ. ಮೊದಲ ಇಷ್ಟು ಹೇಳಿಬಿಡತೇನಿ, ಹಿಂದಿನ ಕತಿ ಆಮ್ಯಾಲ. ನಾ ಮೂರನೇತ್ತಾ ತನಕ ಸಾಲಿ ಕಲ್ತಾಕಿ, ಅಕ್ಷರಾ ಕೂಡಿಸಿ ಬರಿಯಾಕ ನನಗ ಹೊತ್ತು ಹಿಡೀತೈತಿ. ಮುಖ್ಯದ ಮಾತು ಮೊದಲ ಬಂದಬಿಡಲಿ.

ಗೋಕುಲ ರಸ್ತೆಯಿಂದ ಒಳಗ ಎರಡನೇ ಓಣ್ಯಾಗ ನಮ್ಮ ಮನಿ. ಹಿಂದಿನ ಖೋಲ್ಯಾಗ ನಾನು, ಓಣಿಯ ಐದು ಮಂದಿ ಹೆಣ್ಣಮಕ್ಕಳು ಕೂಡಿ ಜೋಳದ ರೊಟ್ಟಿ ಬಡೀತೇವಿ. ಖಾನಾವಳಿಗೆ, ಮದವಿ ಮನಿಗೆ ಅವನ್ನ ಮುಟ್ಟಸೋರು ನಮ್ಮ ಮನಿಯವರು, ತಮ್ಮ ಹಳೇ ಸ್ಕೂಟರ್ ಮ್ಯಾಲ. ಯಾರಿಗೆ ಎಷ್ಟು, ಎಲ್ಲಿಗೆ ಯಾವಾಗ ಅಂತ ನಾವು ದಿನಾ ಕೂಗಾಡೂದು ಕೇಳಿ ಕೇಳಿ ಬ್ಯಾಸತ್ತು, ಇಂಜಿನಿಯರಿಂಗ್ ಓದೋ ಮೊಮ್ಮಗಳು ಮನ್ಯಾಗಿನ ಹಳೇ ಕಂಪ್ಯೂಟರಿನ್ಯಾಗ ಒಂದು ಚಾಟ್ ಸರ್ವರ್ ಕುಂದ್ರಿಸಿದ್ಲು.

"ಸರ್ವರ್ ಅಂದ್ರ ಏನವಾ?" ಅಂತ ಕೇಳಿದೆ.

"ನೀ ಒಂದು ಮಾತು ಕಳಿಸಿದ್ರ ಅದನ್ನ ತಗೊಂಡು ಎಲ್ಲಾರ ಫೋನಿಗೂ ಮುಟ್ಟಸೋದು, ಆಯಿ."

"ಅಂದ್ರ ನಿಮ್ಮ ಅಜ್ಜ."

"ಹೂಂ, ಪೆಟ್ರೋಲ್ ಬೇಡದ ಅಜ್ಜ!"

ಅದನ್ನ ಮಾಡಿದ ಕಂಪನಿ ಯಾವದು ಅಂದ್ರ, ಯಾವದೂ ಅಲ್ಲಂತ. ಒಳಗ ಏನ ಬರದಾರೋ ಅದನ್ನ ಯಾರು ಬೇಕಾದ್ರೂ ತಗದು ನೋಡಬಹುದಂತ. ತಪ್ಪು ಕಂಡಾಂವ ಸರಿ ಮಾಡಿ ಕಳಸಬೇಕು. ನೋಡಿಕೊಳ್ಳೋರು ನಾಲ್ಕು ಮಂದಿ ಬ್ಯಾರೆ ಬ್ಯಾರೆ ದೇಶದಾಗ ಅದಾರ, ಅವರು ಒಪ್ಪಿದ್ರ ಆ ಸರಿ ಮಾಡಿದ್ದು ಎಲ್ಲಾರಿಗೂ ಹೋಕ್ಕೈತಿ. ಮಾರಿ ನೋಡಲಾರದವರು ಒಬ್ಬರ ಕೆಲಸಾ ಒಬ್ಬರು ಹೆಂಗ ನಂಬತಾರ? ನಮ್ಮ ಖೋಲ್ಯಾಗ ರೊಟ್ಟಿಯ ಅಂಚು ನೋಡಿನ ಇದು ಯಾರು ಬಡದದ್ದು ಅಂತ ನಾ ಹೇಳತೇನಿ. ಅವರಿಗೆ ಅಂಚು ಎಲ್ಲಿ ಕಾಣತೈತಿ? ಈ ಮಾತು ನಾ ಎಷ್ಟ ಸಲ ಕೇಳಿದೆ ಅಂದ್ರ, ಕಡೀಕ ಆಕಿ ಕಿವ್ಯಾಗ ಹಾಡು ಹಾಕಿಕೊಂಡು ಕುಂತ್ಲು.

ಆಕಿನೂ ಎರಡು ದುರಸ್ತಿ ಮಾಡಿ ಕಳಿಸಿದ್ಲು. ಎರಡೂ ವಾಪಸ್ ಬಂದಿದ್ವು. "ಮೂರನೇದೂ ಬ್ಯಾಡ ಅಂದ್ರ ಇದು ನನ್ನ ಕೈಲೆ ಆಗೂ ಕೆಲಸ ಅಲ್ಲ ಅಂತ ಬಿಟ್ಟಬಿಡತೇನಿ ಆಯಿ," ಅಂದಿದ್ಲು. ನನಗ ಅದ ಚಿಂತಿ ಹತ್ತಿತ್ತು. ಈ ಹುಡುಗಿ ಸಣ್ಣಾಕಿ ಇದ್ದಾಗಿಂದ ಏನೂ ಅರ್ಧಕ್ಕ ಬಿಟ್ಟಾಕಿ ಅಲ್ಲ.

ಮೂರನೇದು ಹುಟ್ಟಿದ್ದು ನನ್ನಿಂದನ. ಎಲ್ಲಾರ ಹೆಸರು ಹಾಕು ಅಂತ ಫೋನ್ ನನ್ನ ಕೈಯಾಗ ಕೊಟ್ಟಿದ್ಲು. ಐದೂ ಹೆಣ್ಣಮಕ್ಕಳ ಹೆಸರು ಒಂದೊಂದ ಅಕ್ಷರಾ ಒತ್ತಿ ಹಾಕಿದೆ. ನಮ್ಮ ಮನಿಯವರದು ಬಂದಾಗ, ಕೆಳಗ ಉದ್ದಕ ಒಂದು ಖಾಲಿ ಗುಂಡಿ ಇರತೈತಲ್ಲ, ಅದನ್ನ ಎರಡು ಸಲ ಒತ್ತಿ ಮುಂದ ಹೋದೆ. ಅದೂ ಸುಮ್ಮನ ತಗೊಂತು.

ಮರುದಿನ ಮುಂಜಾನೆ ಎಡಗಡಿ ಮನಿಯಾಕಿ "ಹಿಟ್ಟು ತರತೇನಿ" ಅಂತ ಕಳಿಸಿದ್ಲು. ಅದರ ಕೆಳಗ, ಆಕಿ ಹೆಸರಿನ್ಯಾಗನ, ಇನ್ನೊಂದು ಬಂತು: "ನನ್ನ ಧೋತರ ಎಲ್ಲಿ ಒಣಾ ಹಾಕೀದಿ?"

ಖೋಲಿ ತುಂಬ ನಗಿನ ನಗಿ. "ಯಾವಾಗಿಂದ ಧೋತರ ಉಡಾಕತ್ತಿಯವಾ?" ಅಂತ ಒಬ್ಬಾಕಿ. "ಬೇ, ನಾ ಕಳಿಸಿಲ್ಲಬೇ, ಆಣಿ ಮಾಡತೇನಿ!" ಅಂತ ಇಕಿ. ಅಷ್ಟರಾಗ ಮತ್ತ ಆಕಿ ಹೆಸರಿನ್ಯಾಗ, "ಇವತ್ತರ ಚುರಮರಿ ಸುಸಲಾ ಮಾಡು, ಭಾಳ ದಿನಾ ಆತು." ಸುಸಲಾದ ಆಸೆ ಯಾರದು ಅಂತ ನನಗ ಗೊತ್ತಾತು.

ಮೊಮ್ಮಗಳು ಹುಡಿಕಿ ನೋಡಿ ಹೇಳಿದ್ಲು, ಖಾಲಿ ಹೆಸರಿನಾವರು ಏನ ಕಳಿಸಿದ್ರೂ ಅದು ಮ್ಯಾಲಿನಾವರ ಹೆಸರಿಗೆ ಅಂಟಿಕೊಳ್ಳಾಕತ್ತೈತಿ ಅಂತ. ಖಾಲಿ ಹೆಸರನ್ನ ಸರ್ವರ್ ತಗೋಬಾರದು ಅಂತ ಸರಿ ಮಾಡಿ ಕಳಿಸಿದ್ಲು. ಎರಡು ದಿನಕ್ಕ ಆ ನಾಲ್ಕು ಮಂದ್ಯಾಗ ಒಬ್ಬಾಂವನ ಉತ್ತರಾ ಬಂತು, ನನಗ ಕನ್ನಡದಾಗ ಹೇಳಿದ್ಲು: "ಹೆಸರಿನ ಜಾಗಾ ಖಾಲಿ ಯಾರ ಬಿಡತಾರ? ಯಾರೋ ಆಟಕ್ಕ ಮಾಡಿರಬೇಕು. ಇದಕ್ಕ ದುರಸ್ತಿ ಬೇಕಾಗಿಲ್ಲ."

ಆಕಿ ಮಾರಿ ಸಣ್ಣದಾತು. "ನಿನ್ನ ಕೈ ತಪ್ಪಿ ಖಾಲಿ ಉಳದೈತಿ ಅಂತ ಬರೀಲೇನ ಆಯಿ?" ಅಂದ್ಲು.

"ತಪ್ಪಿ ಅಲ್ಲ, ನಾನ ಬಿಟ್ಟೇನಿ."

"ಯಾಕ ಆಯಿ?"

"ಗಂಡನ ಹೆಸರು ನಾ ಹೆಂಗ ಬರೀಲಿ?"

ಇಪ್ಪತ್ತು ವರ್ಷ ನನ್ನ ಮಗ್ಗಲ್ದಾಗ ಬೆಳದ ಹುಡುಗಿ, ನಾ ಅವರ ಹೆಸರು ಹೇಳಿದ್ದು ಒಮ್ಮೆನೂ ಕೇಳಿಲ್ಲ ಅನ್ನೂದು ಆಕಿಗೆ ಆಗ ಹೊಳೀತು. "ಮತ್ತ ರೇಷನ್ ಕಾರ್ಡಿಗೆ?" ಅಂದ್ಲು.

"ಮಗ್ಗಲ್ದಾಗ ನಿಂತಾವರು ಹೇಳತಾರ."

"ಪ್ಯಾಟ್ಯಾಗ ಕರಿಬೇಕಾದ್ರ?"

"ಏನ್ರೀ ಅಂತೇನಿ, ತಿರಗತಾರ."

"ದುರ್ಗದಬೈಲ್‌ದಾಗ ಹಂಗ ಅಂದ್ರ ಹತ್ತು ಮಂದಿ ತಿರಗತಾರ!" ಅಂತ ಹೊರಗ ಸ್ಕೂಟರ್ ಒರಸಾಕತ್ತಿದ್ದ ಇವರು ಒದರಿದ್ರು.

ಆಕಿ ಇದನ್ನೆಲ್ಲಾ ಬರದು ಕಳಿಸಿದ್ಲು, ಆಟ ಅಲ್ಲ, ನಮ್ಮ ಆಯಿಯ ರೀತಿ ಹಿಂಗೈತಿ ಅಂತ. ನಾ ತಾಸಿಗೊಮ್ಮೆ ರೊಟ್ಟಿ ಬಿಟ್ಟು ಎದ್ದು ಹೋಗಿ "ಬಂತೇನ?" ಅಂತ ಕೇಳತಿದ್ದೆ. ಮೊದಲ ಬಂದದ್ದು ಯಾವದೋ ಬ್ಯಾರೆ ದೇಶದ ಹೆಣ್ಣಮಗಳ ಮಾತು: ನಮ್ಮ ಮನ್ಯಾಗ ಸೊಸ್ತ್ಯಾರು ಮಾವನ ಹೆಸರು ತಗೋಳೂದಿಲ್ಲ, ಇದು ಖರೇ ತೊಂದರಿ. ಆಮ್ಯಾಲ ಬ್ಯಾಡ ಅಂದಾಂವನ ಬರದಾ: ನನಗ ಇದು ಗೊತ್ತಿರಲಿಲ್ಲ. ಆದ್ರ ಖಾಲಿ ಬಿಟ್ಟಾವರನ್ನ ಹೊರಗ ಯಾಕ ಹಾಕಬೇಕು? ಹೆಸರಿಲ್ಲದ ಮನಷ್ಯಾಗೂ ತನ್ನದ ಒಂದು ಜಾಗಾ ಇರೂ ಹಂಗ ಮಾಡಾಕ ಬರತೈತೇನ ನೋಡು.

ನಾ ಆ ಮನಷ್ಯಾನ ಬಗ್ಗೆ ಭಾಳ ವಿಚಾರ ಮಾಡಿದೆ. ಅಲ್ಲಿ ಹೊತ್ತು ಎಷ್ಟಾಗಿತ್ತೋ, ಉಂಡಿದ್ನೋ ಇಲ್ಲೋ. ಹುಬ್ಬಳ್ಳಿಯ ಒಬ್ಬಾಕಿ ಮುದುಕಿ ಎರಡು ಸಲ ಖಾಲಿ ಗುಂಡಿ ಒತ್ತಿದ್ದಕ್ಕ, ತಾ ಅಂದದ್ದು ತಪ್ಪು ಅಂತ ತಾನ ಬರದು ಒಪ್ಪಿಕೊಂಡಾನ. ಅಂಚು ಹಿಂಗ ಕಾಣತೈತೇನೋ ಅವರಿಗೆ.

ಮೊಮ್ಮಗಳು ಪೂರಾ ಬಿಚ್ಚಿ ಹೊಸದಾಗಿ ಮಾಡಿದ್ಲು. ಹೆಸರು ಖಾಲಿ ಇದ್ರೂ ಮಾತು ಬ್ಯಾರೆ ನಿಲ್ಲಬೇಕು, ಮುಂದ ಒಂದು ಸಣ್ಣ ಬಣ್ಣದ ಚುಕ್ಕಿ ಬರಬೇಕು. ನಮ್ಮ ಮನಿಯವರಿಗೆ ಹಸರ ಚುಕ್ಕಿ ಬಂತು. ಅದನ್ನ ಕಳಿಸಿ ನಾಲ್ಕು ದಿನಾ ಕಾದ್ಲು, ಸರಿಯಾಗಿ ಉಣಲಿಲ್ಲ. ಮೊನ್ನೆ ಮಧ್ಯಾಹ್ನ ನಾ ಹಂಚಿನ ಮುಂದ ಕುಂತಾಗ ಓಡಿ ಬಂದು, ಹಿಟ್ಟು ಹತ್ತಿದ ನನ್ನ ಕೈ ಗಟ್ಟ್ಯಾಗಿ ಹಿಡದು, "ತಗೊಂಡ್ರು ಆಯಿ! ನಂದು ತಗೊಂಡ್ರು!" ಅಂದ್ಲು. ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾತು. ಯಾರೂ ತಿರವಿ ಹಾಕಲಿಲ್ಲ.

ಸಂಜೀಕ ಸೊಸಿ ಎಣಗಾಯಿ ಮಾಡಿದ್ಲು, ನಾ ಬೆಲ್ಲ ಹಾಕಿ ಮಾದಲಿ ಮಾಡಿದೆ. ಮಗಾ ಕೆಲಸದಿಂದ ಲಗೂನ ಬಂದಾ. ದಿನಾ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣೋರು, ಆವತ್ತು ಮನಿಯ ಐದೂ ಮಂದಿ ಒಂದ ಸಾಲಿಗೆ ಕುಂತ್ವಿ. ನಾ ಬಡಸಾಕ ಎದ್ರ ಮೊಮ್ಮಗಳು ಸೆರಗು ಹಿಡದು ಕೂಡ್ರಿಸಿದ್ಲು. ತುತ್ತಿನ ನಡಕ, ಮತ್ತೊಂದು ತಪ್ಪು ನೋಡತೀಯೇನು ಅಂತ ಅವರು ತನಗ ಕೇಳ್ಯಾರ ಅಂದ್ಲು.

"ಏನಾಗೇತಿ ಅದಕ್ಕ?" ಅಂದೆ.

"ಮೊದಲ ಉಣ್ಣ ಆಯಿ," ಅಂದು ನನ್ನ ಮಾದಲಿ ಮ್ಯಾಲ ತುಪ್ಪ ಸುರುವಿದ್ಲು. ಇವರು ತಮ್ಮ ತಾಟನ್ನೂ ಮುಂದ ಸರಿಸಿದ್ರು. ಉಂಡ್ವಿ.