ಎದುರಾಳಿ ಇಲ್ಲದ ನಾಲ್ಕು ಚಿನ್ನ

ಮಂಜೇಶ್ವರ ರೈಲ್ವೆ ಸ್ಟೇಷನ್ನಿನ ಹತ್ತಿರ ಹೆಂಗಸರೇ ಸೇರಿ ನಡೆಸುವ ಕುಟುಂಬಶ್ರೀ ಹೋಟೆಲಿಗೆ ಹೋಗಿ ಗೌತಮಿ ಯಾರು ಎಂದು ಕೇಳಿದರೆ, “ಯಾರು, ಕುಸ್ತಿ ಗೌತಮಿಯಾ?” ಎಂದು ಮರುಪ್ರಶ್ನೆ ಬರುತ್ತಿತ್ತು. ಅಲ್ಲಿ ಇದ್ದದ್ದು ಒಬ್ಬಳೇ ಗೌತಮಿ. ಆದರೂ ಆ ಬಿರುದು ಸೇರಿಸದಿದ್ದರೆ ಊರಿನವರಿಗೆ ತೃಪ್ತಿಯಿರಲಿಲ್ಲ. ಎಂಟನೇ ಕ್ಲಾಸಿನಿಂದ ಹನ್ನೊಂದನೇ ಕ್ಲಾಸು, ಅಂದರೆ ಪ್ಲಸ್ ವನ್‌ವರೆಗೆ, ಜಿಲ್ಲಾ ಮಟ್ಟದ ಶಾಲಾ ಕುಸ್ತಿಯಲ್ಲಿ ನಾಲ್ಕು ವರ್ಷ ನಾಲ್ಕು ಚಿನ್ನ ತಂದವಳು ಅವಳು. ಈಗ ವಯಸ್ಸು ಮೂವತ್ತೆಂಟು. ಅಕ್ಕಿಯ ಮೂಟೆಯನ್ನು ಗಂಡಸರು ಹೆಗಲಿಗೆ ಏರಿಸಲು ಇನ್ನೂ ಮೀನಮೇಷ ಎಣಿಸುತ್ತಿರುವಾಗ ಅವಳು ಅದನ್ನು ಒಳಗೆ ಇಟ್ಟು ಬಂದು ಬಂಗುಡೆ ಸಾರಿಗೆ ಉಪ್ಪು ಹಾಕಿರುತ್ತಾಳೆ. ಕುಡಿದು ಬಂದು ಬೊಬ್ಬೆ ಹಾಕುವವರು ಅವಳು ಒಮ್ಮೆ ತಿರುಗಿ ನೋಡಿದರೆ ಸಾಕು, ಊಟ ಮುಗಿಸಿ ಬಾಳೆಲೆಯನ್ನು ತಾವೇ ಎತ್ತುತ್ತಾರೆ.

ಗಂಡ ಗುಣಪಾಲ ಮಂಗಳೂರು ಬಸ್ಸಿನ ಡ್ರೈವರ್. ಹೆಂಡತಿಯ ಚಿನ್ನದ ವಿಷಯ ತಲಪಾಡಿ ದಾಟುವುದರೊಳಗೆ ಮುಂದಿನ ಸೀಟಿನವರಿಗೆಲ್ಲ ಗೊತ್ತಾಗುವ ಹಾಗೆ ನೋಡಿಕೊಳ್ಳುವವನು. “ನಮ್ಮ ಮನೆಯಲ್ಲಿ ಜಗಳ ಆದರೆ ಸೋಲುವುದು ನಾನೇ, ಸರ್ಟಿಫಿಕೇಟೇ ಉಂಟಲ್ಲ ಮಾರಾಯ್ರೆ” ಎಂದು ನಗಿಸುತ್ತಿದ್ದ. ಗೌತಮಿ ಬೇಡ ಅನ್ನುತ್ತಿದ್ದಳು, ಆದರೆ ಅಷ್ಟು ಜೋರಾಗಿ ಅಲ್ಲ.

ಈ ಕೀರ್ತಿಗೆ ಒಂದೇ ಒಂದು ಊನ ಇತ್ತು. ಆ ನಾಲ್ಕು ಚಿನ್ನಕ್ಕಾಗಿ ಗೌತಮಿ ಯಾರ ಜೊತೆಗೂ ಕುಸ್ತಿ ಆಡಿರಲಿಲ್ಲ.

ಆಗ ಕುಸ್ತಿಗೆ ಬರುವ ಹುಡುಗಿಯರು ಜಿಲ್ಲೆಯಲ್ಲೇ ಬೆರಳೆಣಿಕೆ. ಶಾಲೆಯ ಪಿ.ಟಿ. ಮಾಸ್ಟ್ರು ರೆಜಿನಾಲ್ಡ್ ಲೆಕ್ಕಾಚಾರದ ಮನುಷ್ಯ. ಬೇರೆ ಶಾಲೆಗಳು ಯಾವ ತೂಕಕ್ಕೆ ಹೆಸರು ಕೊಟ್ಟಿಲ್ಲ ಎಂದು ಮೊದಲೇ ವಿಚಾರಿಸಿ, ಆ ತೂಕಕ್ಕೆ ಗೌತಮಿಯನ್ನು ತಯಾರು ಮಾಡುತ್ತಿದ್ದರು. ಕಡಿಮೆ ಬಿದ್ದರೆ ನೇಂದ್ರ ಬಾಳೆಹಣ್ಣು, ಮೇಲೆ ಎರಡು ಚೊಂಬು ನೀರು. ಹೊಟ್ಟೆ ಉಬ್ಬರಿಸಿಕೊಂಡು ತಕ್ಕಡಿ ಹತ್ತಿ ಇಳಿದರೆ ಮುಗಿಯಿತು. ಎದುರಾಳಿ ಇಲ್ಲ, ವಾಕ್‌ಓವರ್, ರೆಫ್ರಿ ಬಂದು ಕೈ ಎತ್ತಿಸುತ್ತಿದ್ದರು. ಹಾಗೆ ರಾಜ್ಯ ಮಟ್ಟಕ್ಕೆ ಹೋದಳು, ನಾಲ್ಕು ಸಲವೂ ಮೊದಲ ಸುತ್ತಿನಲ್ಲೇ ಸೋತಳು. ಅದರಲ್ಲಿ ಅತಿ ದೀರ್ಘವಾದ ಕುಸ್ತಿ ಒಂದು ನಿಮಿಷ ನಡೆದಿತ್ತು.

ಮೊದಲ ವರ್ಷವೇ ನಿಜ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಹೆಡ್‌ಮಾಸ್ಟ್ರು ಅಸೆಂಬ್ಲಿಯಲ್ಲಿ ಚಪ್ಪಾಳೆ ತಟ್ಟಿಸಿಬಿಟ್ಟರು. ಚಪ್ಪಾಳೆ ಆದ ಮೇಲೆ ಹೇಳುವುದು ಕಷ್ಟ, ಮದುವೆ ಆದ ಮೇಲಂತೂ ಇನ್ನೂ ಕಷ್ಟ.

ಈಗ ಮಗಳು ರಂಜನಿ ಒಂಬತ್ತನೇ ಕ್ಲಾಸು. ಅವಳಿಗೂ ಕುಸ್ತಿ, ಅವಳಿಗೂ ಅದೇ ರೆಜಿನಾಲ್ಡ್ ಮಾಸ್ಟ್ರು. ರಿಟೈರ್ ಆದರೂ ಸಂಜೆ ಮಕ್ಕಳಿಗೆ ಕಲಿಸಲು ಬರುತ್ತಾರೆ. ಜಿಲ್ಲಾ ಪಂದ್ಯಕ್ಕೆ ಒಂದು ವಾರ ಇರುವಾಗ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಹೊತ್ತಿಗೆ ಮಾಸ್ಟ್ರು ಹೋಟೆಲಿಗೆ ಬಂದು ಒಂದು ಚಿಪ್ಪು ನೇಂದ್ರ ಬಾಳೆಹಣ್ಣನ್ನು ಮೇಜಿನ ಮೇಲೆ ಇಟ್ಟರು. ನೋಡಿದ್ದೇ ತಡ, ಗೌತಮಿ ಸಾರಿನ ಪಾತ್ರೆಯ ಕಡೆ ತಿರುಗಿ ಸೌಟು ಆಡಿಸತೊಡಗಿದಳು.

“ರಂಜನಿಯ ತೂಕ ನಲವತ್ತೈದೂ ಮುಕ್ಕಾಲು,” ಎಂದರು ಮಾಸ್ಟ್ರು. “ನಲವತ್ತಾರರ ಒಳಗೆ ಇದ್ದರೆ ಎದುರಿಗೆ ಮೀಂಜದ ಕಡೆಯ ಆ ಗ್ಲೋರಿಯಾ. ಸ್ವಲ್ಪ ತಿಂದು ಮೇಲಿನ ತೂಕಕ್ಕೆ ಹೋದರೆ ಅಲ್ಲಿ ಯಾರೂ ಇಲ್ಲ. ಚಿನ್ನ ಅಲ್ಲಿಯೇ ಇಟ್ಟ ಹಾಗೆ.”

ಗ್ಲೋರಿಯಾ ಎಂದರೆ ಮೂರು ವರ್ಷದ ಚಾಂಪಿಯನ್. ಅಡಕೆಯ ಗೋಣಿಯನ್ನು ಒಂದೇ ಕೈಯಲ್ಲಿ ಎತ್ತುತ್ತಾಳಂತೆ, ಯಾರದೋ ಭುಜ ಮುರಿದಿದ್ದಾಳಂತೆ. ಕಂಡವರು ಯಾರೂ ಇಲ್ಲ, ಹೇಳುವವರು ಮಾತ್ರ ಎಲ್ಲ ಕಡೆ ಇದ್ದರು.

ಊಟಕ್ಕೆ ಬಂದಿದ್ದ ಗುಣಪಾಲ ಕೈ ತೊಳೆಯುತ್ತ, “ಮತ್ತೆ ಯೋಚನೆ ಎಂತದು ಮಾಸ್ಟ್ರೇ? ಮೇಲಿನ ತೂಕವೇ ಆಗಲಿ” ಎಂದ.

ಗ್ರೈಂಡರ್ ತೊಳೆಯುತ್ತಿದ್ದ ಪ್ರೇಮಾವತಿ, ಗೌತಮಿಯ ಜೊತೆ ಹೋಟೆಲು ನಡೆಸುವ ಹಿರಿಯಳು, ಸುಮ್ಮನಿರಲಿಲ್ಲ. “ಆಡದೆ ಸಿಕ್ಕಿದ ಚಿನ್ನಕ್ಕೆ ಎಂತ ಮರ್ಯಾದೆ? ಒಳ್ಳೆ ಕುಸ್ತಿಯವಳು ಅಂದರೆ ಗಟ್ಟಿಯವರ ಕೈಯಲ್ಲಿ ಬಿದ್ದು ಎದ್ದವಳು.”

“ಹತ್ತು ವರ್ಷ ಕಳೆದ ಮೇಲೆ ಬಿದ್ದದ್ದು ಯಾರಿಗೆ ನೆನಪಿರ್ತದೆ ಅಕ್ಕ? ಸರ್ಟಿಫಿಕೇಟಲ್ಲಿ ಎದುರಿಗೆ ಯಾರಿದ್ದರು ಅಂತ ಬರೆಯುವುದಿಲ್ಲ,” ಎಂದ ಗುಣಪಾಲ.

“ದೂರ ಹೋಗುವುದು ಮುಖ್ಯ,” ಎಂದರು ಮಾಸ್ಟ್ರು ಗಂಭೀರವಾಗಿ. “ರಾಜ್ಯಕ್ಕೆ ಹೋದರೆ ದೊಡ್ಡ ಮ್ಯಾಟ್ ನೋಡ್ತಾಳೆ, ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕಿಗೂ ಒಂದು ದಾರಿ. ಜಿಲ್ಲೆಯಲ್ಲೇ ಸೋತು ಕೂತರೆ ಅವಳಿಗೆ ಎಂತ ಸಿಕ್ಕಿತು?”

“ಕುಸ್ತಿ ಸಿಕ್ಕಿತು!” ಎಂದಳು ಪ್ರೇಮಾವತಿ.

ಶಾಲೆ ಬಿಟ್ಟು ಬಂದ ರಂಜನಿ ಚೀಲ ಹೆಗಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಅಪ್ಪನ ಮಾತಾಗಲಿ, ಮಾಸ್ಟ್ರ ಮಾತಾಗಲಿ ಅವಳಿಗೆ ಬೇಕಿರಲಿಲ್ಲ. ಅವಳ ಪ್ರಪಂಚದಲ್ಲಿ ಕುಸ್ತಿ ಬಲ್ಲವಳು ಒಬ್ಬಳೇ. “ಅಮ್ಮ, ನಿನ್ನ ನಾಲ್ಕು ಫೈನಲಲ್ಲಿ ಯಾವುದು ಕಷ್ಟದ್ದು? ನಿನಗೂ ಹೆದರಿಕೆ ಆಗಿತ್ತಾ?”

ಮಾಸ್ಟ್ರು ತಟ್ಟನೆ ಗೌತಮಿಯ ಮುಖ ನೋಡಿದರು. ಇಷ್ಟು ವರ್ಷ ಅವರಿಬ್ಬರ ನಡುವೆಯೇ ಉಳಿದ ವಿಷಯ. ಒಂದು ಸುಳ್ಳು ಹೆಸರು ಹೇಳಿದ್ದರೆ ಸಾಕಿತ್ತು, ಬಿರುದು ಉಳಿಯುತ್ತಿತ್ತು. ಆದರೆ ಮಗಳು ಉತ್ತರವನ್ನು ನಂಬಿ ಮುಂದಿನ ವಾರ ತಕ್ಕಡಿ ಹತ್ತುವವಳು. ಗೌತಮಿ ಸೌಟು ಕೆಳಗಿಟ್ಟಳು.

“ಒಂದೂ ಕಷ್ಟ ಇರಲಿಲ್ಲ ಮಗಾ. ನಾನು ಆಡಲೇ ಇಲ್ಲ. ನಾಲ್ಕೂ ವಾಕ್‌ಓವರ್. ಬಾಳೆಹಣ್ಣು ತಿಂದು ಚಿನ್ನ ತಂದದ್ದು. ನನ್ನ ಜೀವಮಾನದಲ್ಲಿ ನಾನು ಒಂದೂ ಕುಸ್ತಿ ಗೆದ್ದಿಲ್ಲ.”

ಪ್ರೇಮಾವತಿ ಗ್ರೈಂಡರಿಗೆ ಬಿಟ್ಟ ನಳ್ಳಿ ನೀರನ್ನು ನಿಲ್ಲಿಸಿ ಕಿವಿಕೊಟ್ಟಳು. ಗುಣಪಾಲ ಕುರ್ಚಿಯಲ್ಲಿ ಕುಳಿತುಕೊಂಡ. “ನನಗಾದರೂ ಹೇಳಬಹುದಿತ್ತಲ್ಲ,” ಎಂದ ಮೆಲ್ಲಗೆ. ಅವನಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಎಷ್ಟು ಟ್ರಿಪ್, ಎಷ್ಟು ಪ್ರಯಾಣಿಕರು! ಮಾಸ್ಟ್ರು ಕನ್ನಡಕ ಒರೆಸುತ್ತ, “ತಪ್ಪು ನನ್ನದು. ಶಾಲೆಗೆ ಪಾಯಿಂಟ್ ಬೇಕಿತ್ತು” ಎಂದರು.

“ಈಗ ನಾನು ಯಾವುದರಲ್ಲಿ ಹೋಗಲಿ?” ಎಂದಳು ರಂಜನಿ.

“ಅದು ನಾನು ಹೇಳುವುದಿಲ್ಲ. ರೆಫ್ರಿ ಕೈ ಎತ್ತಿಸುವಾಗ ನಾಲ್ಕು ಸಲವೂ ನಾನು ನೆಲ ನೋಡ್ತಾ ಇದ್ದೆ. ಅದು ನಿನಗೆ ಗೊತ್ತಿರಲಿ, ಅಷ್ಟೇ.”

ರಂಜನಿ ಹೆಗಲಿನ ಚೀಲವನ್ನು ಇಳಿಸಿದಳು. ಆಮೇಲೆ ಬಾಳೆಹಣ್ಣಿನ ಚಿಪ್ಪನ್ನು ಅಪ್ಪನ ಕಡೆ ತಳ್ಳಿದಳು. “ನೀನು ತಿನ್ನಪ್ಪ.” ಗುಣಪಾಲ ಬೇರೇನೂ ತೋಚದೆ ಒಂದನ್ನು ಸುಲಿದು ತಿಂದ.

ಪ್ರೇಮಾವತಿಯ ಬಾಯಲ್ಲಿ ಗುಟ್ಟು ಉಳಿಯುವುದಿಲ್ಲ. ಮೂರೇ ದಿನದಲ್ಲಿ ಕುಸ್ತಿ ಗೌತಮಿ ಹೋಗಿ ಬಾಳೆಹಣ್ಣು ಗೌತಮಿ ಬಂದಳು. ಊಟಕ್ಕೆ ಬಂದವರು ಪಾಯಸ ಕೇಳುವಾಗಲೂ ‘ಬಾಳೆಹಣ್ಣಿನದ್ದಾ?’ ಎಂದು ನಗುತ್ತಿದ್ದರು. ಅವಳೂ ನಕ್ಕಳು, ಒಳಗೆ ಹೋಗಿ ಒಂದು ಸಲ ಅತ್ತಳು ಕೂಡ. ಆದರೆ ತಲೆ ಮೇಲಿನ ಮೂಟೆ ಇಳಿದ ಹಾಗೂ ಆಗಿತ್ತು. ಸಂಜೆ ಮಗಳ ಜೊತೆ ಮ್ಯಾಟಿಗೆ ಇಳಿದು, ಮೂವತ್ತೆಂಟರಲ್ಲಿ, ಸೊಂಟ ಹಿಡಿದುಕೊಂಡು ಕುಸ್ತಿ ಮಾಡಿಸಿದಳು. ಎಳೆದದ್ದೇ ಎಳೆದದ್ದು, ಬಿದ್ದದ್ದೇ ಬಿದ್ದದ್ದು.

ಪಂದ್ಯದ ದಿನ ಬೆಳಿಗ್ಗೆ ತಕ್ಕಡಿ ನಲವತ್ತೈದೂ ಮುಕ್ಕಾಲೇ ತೋರಿಸಿತು. ಹೆಸರು ಕೂಗಿದಾಗ ರಂಜನಿ ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಎದುರಿಗೆ ಬಂದ ಗ್ಲೋರಿಯಾ ಅಡಕೆ ಗೋಣಿ ಎತ್ತುವ ರಾಕ್ಷಸಿ ಏನೂ ಅಲ್ಲ, ಎರಡು ಜಡೆಯ ಸಾಧಾರಣ ಹುಡುಗಿ. ಅವಳೂ ಹೆದರಿ ಕಟ್ಟಿದ್ದ ಲೇಸನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದದ್ದು ಗೌತಮಿಗೆ ಮಾತ್ರ ಕಂಡಿತು.

ಮೊದಲ ನಿಮಿಷ ಇಬ್ಬರೂ ಕೈಗೆ ಕೈ ಕೊಟ್ಟು ತಳ್ಳಾಡಿದರು. ಗ್ಲೋರಿಯಾ ಕಾಲಿಗೆ ನುಗ್ಗಿ ಕೆಡವಿದಳು, ಎರಡು ಪಾಯಿಂಟ್. ರಂಜನಿ ಎದ್ದು ಅವಳನ್ನು ಗೆರೆಯ ಆಚೆ ದೂಡಿದಳು. ಮತ್ತೆ ಬಿದ್ದಳು. ಒಂದು ಭುಜ ಮ್ಯಾಟಿಗೆ ತಾಗಿತ್ತು, ಇನ್ನೊಂದೂ ತಾಗಿದರೆ ಕುಸ್ತಿಯೇ ಮುಗಿಯಿತು, ಅದಕ್ಕೆ ಎರಡು ಬೆರಳು ಬಾಕಿ. ರಂಜನಿ ಕತ್ತಿನ ಮೇಲೆ ಭಾರ ಹಾಕಿ ಸೊಂಟ ಎತ್ತಿ ಹಿಡಿದಳು, ಬಿಡಲಿಲ್ಲ. ಉರುಳಿ ಮೇಲೆ ಬಂದಾಗ ಗುಣಪಾಲ ಕುರ್ಚಿಯ ಮೇಲೆ ಹತ್ತಿ ನಿಂತು ಬೊಬ್ಬೆ ಹಾಕುತ್ತಿದ್ದ. ನಾಲ್ಕು ನಿಮಿಷ ಪೂರ್ತಿ ನಡೆಯಿತು. ಏಳು–ಐದು. ರಂಜನಿ ಸೋತಳು.

ಗೌತಮಿಗೆ ಎದೆ ಉಬ್ಬಿ ಬಂತು. ಸೋತವಳ ತಾಯಿ ಹಾಗೆ ಹಿಗ್ಗಬಾರದು ಎಂಬ ನಾಚಿಕೆಯೂ ಅವಳಿಗೆ ಆಗಲಿಲ್ಲ. ಮಗಳ ಬೆವರು ಒರೆಸುತ್ತಿದ್ದಾಗ ಹಿಂದಿನಿಂದ ಯಾರೋ ಬಂದು ನಿಂತರು. ಗ್ಲೋರಿಯಾ. ಮೂಗು ಕೆಂಪಾಗಿತ್ತು, ಅಳುತ್ತಿದ್ದಳು. ಗೆದ್ದವಳು ಅಳುವುದು ಕಂಡು ರಂಜನಿಗೆ ಗಾಬರಿಯಾಯಿತು.

“ಪೆಟ್ಟಾಯ್ತಾ?” ಎಂದಳು.

“ಇಲ್ಲ.” ಗ್ಲೋರಿಯಾ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡಳು. “ನಾನು ಯಾವ ತೂಕಕ್ಕೆ ಹೆಸರು ಕೊಟ್ಟರೂ ಉಳಿದವರು ಬೇರೆ ತೂಕಕ್ಕೆ ಹೋಗಿ ಬಿಡ್ತಾರೆ. ಜಿಲ್ಲೆಯಲ್ಲಿ ನನಗೆ ಎದುರು ಯಾರೂ ಬಂದದ್ದೇ ಇಲ್ಲ, ರಾಜ್ಯಕ್ಕೆ ಹೋದರೆ ಮೊದಲ ಸುತ್ತಲ್ಲೇ ಸೋಲು. ಈ ವರ್ಷವೂ ಹಾಗೇ ಅಂತ ಇದ್ದೆ.” ಅವಳು ಗೌತಮಿಯ ಕಡೆ ತಿರುಗಿದಳು. “ಆಂಟಿ, ನಾಲ್ಕು ವರ್ಷದಲ್ಲಿ ಇವತ್ತೇ ನಾನು ಮೊದಲು ಗೆದ್ದದ್ದು.”

ಗೌತಮಿ ಮಗಳ ಬೆವರು ಒರೆಸಿದ ಬಟ್ಟೆಯಲ್ಲೇ ಅವಳ ಮುಖವನ್ನೂ ಒರೆಸಿದಳು. ಆ ಮಾತನ್ನು ಒಮ್ಮೆಯಾದರೂ ಹೇಳಬೇಕೆಂದು ಗೌತಮಿ ಎಷ್ಟು ಆಸೆಪಟ್ಟಿದ್ದಳು ಎಂದು ಈ ಹುಡುಗಿಗೆ ಹೇಗೆ ಗೊತ್ತಾಗಬೇಕು? ತನಗೆ ಸಿಗದೇ ಹೋದದ್ದನ್ನು ತನ್ನ ಮಗಳು ಇನ್ನೊಬ್ಬಳಿಗೆ ಕೊಟ್ಟುಬಂದಿದ್ದಳು.

ಚಿನ್ನ ಘೋಷಿಸಲು ಮೈಕಿನಲ್ಲಿ ಗ್ಲೋರಿಯಾಳ ಹೆಸರು ಕೂಗಿದರು. ರೆಫ್ರಿ ಅವಳ ಕೈ ಎತ್ತಿಸಿದಾಗ ಅವಳು ನೇರ ಮುಂದೆ ನೋಡುತ್ತಿದ್ದಳು, ಬಾಯಿ ತುಂಬ ನಗು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಗೌತಮಿ, ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದಳು.