ಹದಿನಾಲ್ಕು ದಿನದ ಬಾಟಲಿ

ಜ್ವರ ಬಂದದ್ದು ಬುಧವಾರ. ಹೆರಿಗೆಯಾಗಿ ಐದೇ ತಿಂಗಳು, ಎದೆಹಾಲು ಕಟ್ಟಿರಬೇಕು ಅಂದುಕೊಂಡು ಸುಮ್ಮನಿದ್ದೆ. ಭಾನುವಾರದ ಹೊತ್ತಿಗೆ ಗೋಡೆ ಹಿಡಿಯದೆ ನಿಲ್ಲಲು ಆಗಲಿಲ್ಲ. ನಮ್ಮವರು ದವಾಖಾನೆಗೆ ಕರೆದುಕೊಂಡು ಹೋಗಿ ಬ್ಲಡ್ ಟೆಸ್ಟ್ ಮಾಡಿಸಿದರು.

ಟೈಫಾಯ್ಡ್.

ಡಾಕ್ಟರ್ ಚೀಟಿ ಬರೆಯುತ್ತಲೇ ಹೇಳಿದರು. ‘ಹದಿನಾಲ್ಕು ದಿನ ಈ ಕ್ಯಾಪ್ಸೂಲ್ ತೊಗೋಬೇಕ್ರಿ. ಇದು ಹಾಲಿನಾಗ ಇಳಿತೈತಿ, ಅದಕ್ಕ ಎದಿಹಾಲು ಬಂದ್. ಕೂಸಿಗೆ ಪಾವಡರ್ ಹಾಲು ಕುಡಸ್ರಿ. ಆ ಬಾಟಲಿ ಮಾತ್ರ ನೀವು ಮುಟ್ಟಬ್ಯಾಡ್ರಿ. ಈ ಜ್ವರ ಕೈಯಿಂದ ಹರಡತೈತಿ.’

ನಾನು ಸುಲಭಕ್ಕೆ ಅಳುವವಳಲ್ಲ. ಮೆಡಿಕಲ್ ಅಂಗಡಿಯಲ್ಲಿ ಗಾಜಿನ ಬಾಟಲಿ, ಎರಡು ನಿಪ್ಪಲ್, ಒಂದು ಡಬ್ಬಿ ಪುಡಿ ತೆಗೆದುಕೊಂಡೆವು. ಇದೇನು ಮಹಾ, ಹಸಿದರೆ ಮಗಳು ತಾನೇ ಕುಡಿಯುತ್ತಾಳೆ ಎಂದು ರಿಕ್ಷಾದಲ್ಲಿ ನಮ್ಮವರಿಗೆ ನಾನೇ ಧೈರ್ಯ ಹೇಳಿದೆ.

ಸವಿತಾ ಕುಡಿಯಲಿಲ್ಲ.

ನನ್ನ ತಾಯಿ ತೀರಿಕೊಂಡು ನಾಲ್ಕು ವರ್ಷ. ತವರೂರು ಐನಾಪುರದಿಂದ ಓಡಿ ಬರಲು ಯಾರೂ ಇರಲಿಲ್ಲ. ಎಲ್ಲ ಅತ್ತೆಯ ಮೇಲೆಯೇ ಬಿತ್ತು. ಆರು ಮಕ್ಕಳನ್ನು ಬೆಳೆಸಿದವರು, ಮಾತಿನಲ್ಲೂ ಕೆಲಸದಲ್ಲೂ ನನಗಿಂತ ಜೋರು. ‘ನೀ ಸುಮ್ನ ಮಲ್ಕೊ ಬೇ. ಆರು ಮಂದಿನ್ನ ಜ್ವಾಪಾನ ಮಾಡೇನಿ, ಇದೊಂದ ನೀಗಂಗಿಲ್ಲೇನ ನನಗ?’ ಅಂದರು. ನನ್ನನ್ನು ಒಳಕೋಣೆಯಲ್ಲಿ ಮಲಗಿಸಿ ನಡುವೆ ಪರದೆ ಕಟ್ಟಿದರು. ತಾಯಿಯನ್ನು ಕಂಡರೆ ಮಗು ಬಾಟಲಿಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ ಎಂದು ಅವರ ಲೆಕ್ಕ. ಅದು ಸರಿಯೂ ಹೌದು.

ಅವರ ಶಿಸ್ತಿಗೆ ಕೊರತೆ ಹೇಳುವಂತಿರಲಿಲ್ಲ. ಬಾಟಲಿ, ನಿಪ್ಪಲ್ ಎರಡನ್ನೂ ಪಾತೇಲಿಯಲ್ಲಿ ಕುದಿಸುತ್ತಿದ್ದರು. ತೂತು ಕಟ್ಟಿದೆಯೇ ಎಂದು ನಿಪ್ಪಲ್ ಒಳಗೆ ಬೆರಳು ತೂರಿಸಿ ತಿರುವಿ ನೋಡುತ್ತಿದ್ದರು. ಕೊನೆಗೆ ಬಿಸಿ ಸರಿಯಿದೆಯೇ ಎಂದು ತಮ್ಮ ತುಟಿಗೊಮ್ಮೆ ಮುಟ್ಟಿಸಿ ನೋಡಿ ಮಗುವಿನ ಬಾಯಿಗೆ ಇಡುತ್ತಿದ್ದರು. ‘ಕುಡಿ ನನ್ನ ಬಾಳಾ, ಕುಡಿ.’ ಆಮೇಲೆ ಪರದೆಯ ಈಚೆಗೆ ನನಗೆ ಕೇಳುತ್ತಿದ್ದದ್ದು ಕಿರುಚಾಟ ಮಾತ್ರ.

ಮೊದಲ ದಿನ ಎರಡು ಚಮಚ ಹೋಗಿರಬಹುದು. ಸಕ್ಕರೆ ಹಾಕಿದರು. ಸೂಜಿ ಕಾಯಿಸಿ ತೂತು ದೊಡ್ಡದು ಮಾಡಿದರು. ನನ್ನ ಹಳೆಯ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕುಡಿಸಲು ನೋಡಿದರು. ಇತ್ತ ನನ್ನ ಎದೆ ಕಲ್ಲಾಗಿ ರವಿಕೆ ತೊಯ್ಯುತ್ತಿತ್ತು. ಹಾಲನ್ನು ಬಟ್ಟಲಿಗೆ ಹಿಂಡಿ, ಯಾರೂ ತುಳಿಯಬಾರದೆಂದು ಮಲ್ಲಿಗೆ ಬುಡಕ್ಕೆ ಹಾಕಿಸುತ್ತಿದ್ದೆ. ಮಗು ಹಸಿವಿನಿಂದ ಅಳುತ್ತಿರುವಾಗ ನನ್ನ ಹಾಲು ಮಣ್ಣಿಗೆ ಹೋಗುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆಯಿಂದ ಅವಳ ಬಟ್ಟೆ ಒದ್ದೆಯಾಗಲಿಲ್ಲ. ನಮ್ಮವರು ಕರೆತಂದ ಡಾಕ್ಟರ್ ಅವಳ ನೆತ್ತಿ ಮುಟ್ಟಿ ನೋಡಿದರು. ‘ಸಂಜಿತನಕ ನೋಡೂಣ್ರಿ. ಕುಡೀಲಿಲ್ಲಂದ್ರ ಅಡ್ಮಿಟ್ ಮಾಡಿ ಸಲೈನ್ ಹಚ್ಚೂಣು.’

ಅಷ್ಟು ಸಣ್ಣ ಕೈಗೆ ಸೂಜಿ ಎಲ್ಲಿ ಚುಚ್ಚುತ್ತಾರೆ?

ಮಧ್ಯಾಹ್ನ ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಅವಳು ಬೇಡವೆಂದ ಬಾಟಲಿಯನ್ನು ನನ್ನ ತಲೆಯ ಹತ್ತಿರದ ಕಿಟಕಿಯಲ್ಲಿಟ್ಟು ಅಂಗಳಕ್ಕೆ ಹೋದರು. ಆ ಜ್ವರದಲ್ಲಿ ನನ್ನ ಮೂಗು ವಿಪರೀತ ಚುರುಕಾಗಿತ್ತು, ಅನ್ನ ಬೇಯುವ ವಾಸನೆಗೂ ಓಕರಿಕೆ ಬರುತ್ತಿತ್ತು. ಈಗ ಆ ಬಾಟಲಿಯ ವಾಸನೆಗೂ ಬಂತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ನಿಪ್ಪಲ್ ಮೂಸಿದೆ.

ಮಶೇರಿ.

ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು ನಮ್ಮ ಅತ್ತೆಗೆ ನಲವತ್ತು ವರ್ಷದ ರೂಢಿ. ದಿನಕ್ಕೆ ನಾಲ್ಕು ಸಲ, ಬಲಗೈ ತೋರುಬೆರಳಿನಿಂದ. ನಿಪ್ಪಲ್ ತಿರುವುತ್ತಿದ್ದದ್ದೂ ಅದೇ ಬೆರಳು, ಬಿಸಿ ನೋಡುತ್ತಿದ್ದದ್ದೂ ಅದೇ ಬಾಯಿ. ಮದುವೆಯಾಗಿ ನಿಪ್ಪಾಣಿಗೆ ಬಂದ ಹೊಸದರಲ್ಲಿ ಆ ವಾಸನೆಗೆ ಸೆರಗು ಮುಚ್ಚಿಕೊಳ್ಳುತ್ತಿದ್ದವಳು ನಾನು. ಮೂರು ವರ್ಷದಲ್ಲಿ ಎಷ್ಟು ಒಗ್ಗಿಹೋಗಿತ್ತೆಂದರೆ ಪತ್ತೆಯೇ ಆಗಿರಲಿಲ್ಲ. ಬೇರೆ ಯಾರ ಕೈಗೆ ಕೊಡೋಣ? ನಮ್ಮವರು ತಂಬಾಕು ತುಂಬಿಡುವ ವಖಾರದಲ್ಲಿ ತೂಕ ಬರೆಯುವವರು. ಅಕ್ಕಪಕ್ಕದವರು ಬೀಡಿ ಕಟ್ಟುವವರು. ವಾಸನೆಯಿಲ್ಲದ ಕೈ ಅಂದರೆ ನನ್ನದೇ, ಅದು ಮುಟ್ಟುವ ಹಾಗಿಲ್ಲ.

ಅತ್ತೆ ಒಳಗೆ ಬಂದರು. ನನ್ನ ನಾಲಿಗೆ ಉದ್ದ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಆ ದಿನ ಎದ್ದು ಕೂತು, ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದೆ.

‘ಅತ್ತ್ಯಾರ, ಬಾಟಲಿಗೆ ಮಶೇರಿ ವಾಸನಿ ಬರಾಕತ್ತೈತ್ರಿ.’

‘ನನ್ನ ಕೈ ನಾರತೈತಿ ಅಂತಿಯೇನ?’

‘ಹೌದ್ರಿ.’

ಅವರು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಹಿತ್ತಲಿಗೆ ಹೋದರು. ಮುನಿಸಿಕೊಂಡರು, ಇನ್ನು ಬಾಟಲಿ ಮುಟ್ಟುವುದಿಲ್ಲ, ಸಂಜೆಗೆ ಮಗುವಿಗೆ ಸಲೈನೇ ಗತಿ ಎಂದುಕೊಂಡೆ. ಹಿತ್ತಲಿನಿಂದ ನೀರಿನ ಸದ್ದು ಬಂತು, ಬಹಳ ಹೊತ್ತು ಬಂತು. ಹುಣಸೆಹಣ್ಣು ಹಾಕಿ ತಿಕ್ಕಿದ್ದರು, ಬಾಯಿಗೆ ಬೇವಿನ ಕಡ್ಡಿ ಹಾಕಿದ್ದರು. ಬಂದು ಕೈಯನ್ನು ನನ್ನ ಮೂಗಿನ ಮುಂದೆ ಹಿಡಿದರು.

‘ಮೂಸಿ ನೋಡ.’

‘ಇನ್ನೂ ಐತ್ರಿ.’

ಮತ್ತೆ ಹೋದರು. ಈ ಸಲ ಬೂದಿ, ಸಾಬೂನು, ಲಿಂಬೆಸಿಪ್ಪೆ. ಮೂರನೆಯ ಸಲ ಬಂದಾಗ ಅಂಗೈ ಕೆಂಪಾಗಿತ್ತು, ವಾಸನೆ ಇರಲಿಲ್ಲ. ಬಳಸದೆ ಇಟ್ಟಿದ್ದ ಎರಡನೆಯ ನಿಪ್ಪಲ್ ಕುದಿಸಿದರು. ಹಾಲನ್ನು ತುಟಿಗೆ ಮುಟ್ಟಿಸಲಿಲ್ಲ, ಮುಂಗೈ ಮೇಲೆ ಎರಡು ಹನಿ ಬಿಟ್ಟು ಬಿಸಿ ನೋಡಿದರು.

ಪರದೆಯ ಸಂದಿಯಿಂದ ನೋಡುತ್ತಿದ್ದೆ. ಮೊದಲು ಸವಿತಾ ನಿಪ್ಪಲ್ ಅನ್ನು ನಾಲಿಗೆಯಿಂದ ಹೊರಗೆ ನೂಕಿದಳು. ಅತ್ತೆ ಒತ್ತಾಯ ಮಾಡಲಿಲ್ಲ. ತುಟಿಯ ಹತ್ತಿರ ಹಿಡಿದು ಕಾದರು. ಆಮೇಲೆ ಚೀಪುವ ಸದ್ದು ಕೇಳಿಸಿತು. ಪರದೆಯ ಈಚೆ ನಾನು ಗುಟುಕು ಎಣಿಸುತ್ತಿದ್ದೆ. ಆಗ ಒಂದು ಔನ್ಸ್, ಸಂಜೆಯೊಳಗೆ ಮತ್ತೆ ಮೂರು. ಸಲೈನ್ ಬೇಕಾಗಲಿಲ್ಲ.

ಉಳಿದ ಹನ್ನೊಂದು ದಿನ ಮಶೇರಿ ಇಲ್ಲದೆ ಅತ್ತೆಗೆ ತಲೆ ಸಿಡಿಯುತ್ತಿತ್ತು. ನಮ್ಮವರಿಗೂ ನನಗೂ ದಿನಾ ಬೈಗುಳ. ಮಗುವಿನ ಮೇಲೆ ಮಾತ್ರ ಒಮ್ಮೆಯೂ ದನಿ ಏರಿಸಲಿಲ್ಲ.

ಔಷಧ ಮುಗಿದ ಮೇಲೆ ಡಾಕ್ಟರ್ ಒಪ್ಪಿದ ದಿನ ಮಗುವನ್ನು ಎದೆಗೆ ಹಚ್ಚಿಕೊಂಡೆ. ಅವಳು ನನ್ನ ಮುಖ ನೋಡಿದಳು. ಮುಖ ತಿರುಗಿಸಿ ಅಜ್ಜಿಯ ಕಡೆ ಕೈಚಾಚಿ ಅತ್ತಳು. ಅಂದು ನಾನೂ ಅತ್ತುಬಿಟ್ಟೆ. ಇಡೀ ಟೈಫಾಯ್ಡ್‌ನಲ್ಲಿ ಆ ಒಂದು ಗಳಿಗೆಯಷ್ಟು ನೋವು ನನಗೆ ಇನ್ನೊಂದಿಲ್ಲ. ಅತ್ತೆ ಬಾಟಲಿ ತಂದು ನನ್ನ ಕೈಯಲ್ಲಿಟ್ಟರು. ‘ತಗೋ. ಈಗ ನೀ ಕುಡಸ.’ ಕುಡಿದಳು, ನನ್ನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು.

ಈಗ ಅವಳಿಗೆ ಎಂಟು ತಿಂಗಳು, ಗುಂಡಗಿದ್ದಾಳೆ. ನನ್ನ ಕೂದಲು ಉದುರಿದ್ದು ಮತ್ತೆ ಬರುತ್ತಿದೆ. ಅತ್ತೆ ಮಶೇರಿಗೆ ಮರಳಿದ್ದಾರೆ, ಬೆಳಿಗ್ಗೆ ಒಂದೇ ಸಲ. ಆಮೇಲೆ ಕೈ ತೊಳೆದು, ತೊಟ್ಟಿಲಿಗೆ ಹೋಗುವ ಮೊದಲು ನನ್ನ ಹತ್ತಿರ ಬಂದು ತೋರುಬೆರಳು ಚಾಚುತ್ತಾರೆ. ‘ನೋಡ ಬೇ.’ ನಾನು ಮೂಸುತ್ತೇನೆ. ಮೊನ್ನೆ ಸ್ವಲ್ಪ ಇತ್ತು. ಇದೆ ಎಂದೆ. ಗೊಣಗುತ್ತಾ ಮತ್ತೆ ಹಿತ್ತಲಿಗೆ ಹೋಗಿ ತೊಳೆದುಕೊಂಡು ಬಂದರು.